ದಾಂಪತ್ಯ ಭೇಟಿ (ಕಾರಾಗೃಹ)

ಸೆರೆಯಲ್ಲಿರುವ ವ್ಯಕ್ತಿ ತನ್ನ ಪತಿ ಅಥವಾ ಪತ್ನಿಯೊಡನೆ ಜೈಲಿನ ಆವರಣದಲ್ಲೇ ಕೆಲಹೊತ್ತು ಏಕಾಂತದಲ್ಲಿರಲು ಆಡಳಿತ ಕೊಡುವ ಅನುಮತಿ. ಜಾಲರಿಯ ಎರಡು ಬದಿ ನಿಂತು ಮಾತಾಡುವ ಸಂದರ್ಶನವೂ ಇದಲ್ಲ, ಕೈದಿಯನ್ನೇ ಮನೆಗೆ ಕಳಿಸುವ ಪೆರೋಲೂ ಅಲ್ಲ. ದಂಪತಿಗಳ ಹಕ್ಕೆಂದು ಇದನ್ನು ಒಪ್ಪಿದ್ದು ಬಹಳ ತಡವಾಗಿ. ಅದಕ್ಕೆ ಮೊದಲು ದುಡಿಮೆ, ಶಿಸ್ತು, ಸಂತಾನ ಹೀಗೆ ಬೇರೆ ಯಾವುದೋ ಕಾರಣ ಮುಂದೆ ಮಾಡಿಯೇ ಇದು ಜೈಲಿನ ಬಾಗಿಲು ದಾಟಿದೆ.

ಅಮೆರಿಕದಲ್ಲಿ ಇದರ ಮೂಲ ಮಿಸಿಸಿಪಿ ರಾಜ್ಯದ ಪಾರ್ಚ್‌ಮನ್ ಜೈಲು. 20ನೆಯ ಶತಮಾನದ ಆರಂಭದಲ್ಲಿ ಸ್ಥಾಪನೆಯಾದ ಇದು ಹೆಸರಿಗೆ ಕಾರಾಗೃಹ, ನಡೆಯುತ್ತಿದ್ದುದು ಹತ್ತಿಯ ತೋಟವಾಗಿ. ಹೊಲದಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪುಜನ. ಕಪ್ಪುಜನರಿಗೆ ಕಾಮ ಜಾಸ್ತಿ, ಭಾನುವಾರ ಹೆಣ್ಣಿನ ಸಂಗ ಸಿಕ್ಕರೆ ವಾರವಿಡೀ ಗೇಯುತ್ತಾರೆ ಎಂಬ ಅಧಿಕಾರಿಗಳ ಜನಾಂಗೀಯ ನಂಬಿಕೆಯೇ ಈ ಸವಲತ್ತಿನ ಬುನಾದಿ. ಮೊದಮೊದಲು ವೇಶ್ಯೆಯರನ್ನೂ ಒಳಗೆ ಬಿಡುತ್ತಿದ್ದರು; ಲಿಖಿತ ನಿಯಮ ಯಾವುದೂ ಇರಲಿಲ್ಲ. ಬಿಳಿಯ ಕೈದಿಗಳಿಗೆ ಈ ಅವಕಾಶ ದೊರೆತದ್ದು ಆಮೇಲೆ. ಮಹಿಳಾ ಕೈದಿಗಳಿಗೆ ದೊರೆತದ್ದು 1972ರಲ್ಲಿ.

ಸಮಾಜಶಾಸ್ತ್ರಜ್ಞ ಕೊಲಂಬಸ್ ಹಾಪರ್ 1960ರ ದಶಕದಲ್ಲಿ ಈ ವ್ಯವಸ್ಥೆಯನ್ನು ಅಧ್ಯಯನ ಮಾಡಿ 1969ರಲ್ಲಿ ಪುಸ್ತಕ ತಂದರು. ಅವರು ಕಂಡ ‘ಕೆಂಪು ಮನೆ’ಗಳು ಕೈದಿಗಳೇ ಉಳಿಕೆ ಹಲಗೆಗಳಿಂದ ಎಬ್ಬಿಸಿಕೊಂಡಿದ್ದ ಸಣ್ಣ ಸಣ್ಣ ಕೋಣೆಗಳ ಸಾಲು. ಒಳಗೆ ಮಂಚ, ಮೇಜು, ಕನ್ನಡಿ. ಯಾರ ಹೆಂಡತಿ ಬಂದರೂ ಉಳಿದವರು ಕೀಟಲೆ ಮಾಡಬಾರದು, ಕೋಣೆಯತ್ತ ಸುಳಿಯಬಾರದು ಎಂಬ ಕಟ್ಟುಪಾಡನ್ನು ಕೈದಿಗಳೇ ಪಾಲಿಸುತ್ತಿದ್ದರು. ಮೇಲಧಿಕಾರಿಗಳು ಕೂಲಿಯ ಲೆಕ್ಕದಲ್ಲಿ ನೋಡಿದ್ದನ್ನು ಕೈದಿಗಳು ಸಂಸಾರದ ಮರ್ಯಾದೆಯಾಗಿ ಮಾರ್ಪಡಿಸಿಕೊಂಡದ್ದು ಈ ಇತಿಹಾಸದ ಅತಿ ಸ್ವಾರಸ್ಯದ ಭಾಗ.

ಕ್ಯಾಲಿಫೋರ್ನಿಯದಲ್ಲಿ 1968ರಲ್ಲಿ, ರೊನಾಲ್ಡ್ ರೇಗನ್ ಗವರ್ನರ್ ಆಗಿದ್ದಾಗ, ‘ಕುಟುಂಬ ಭೇಟಿ’ ಎಂಬ ಸಭ್ಯ ಹೆಸರಿನಲ್ಲಿ ಇದು ಜಾರಿಗೆ ಬಂತು. ಹೆಂಡತಿಯ ಜೊತೆ ಮಕ್ಕಳೂ ತಂಗಬಹುದಾಯಿತು. 1990ರ ದಶಕದಲ್ಲಿ 17 ರಾಜ್ಯಗಳಲ್ಲಿದ್ದ ಪದ್ಧತಿ, ಅಪರಾಧಿಗಳ ಮೇಲೆ ಬಿಗಿ ಹೆಚ್ಚಿಸಬೇಕೆಂಬ ರಾಜಕೀಯದ ಅಲೆಯಲ್ಲಿ ಕ್ಯಾಲಿಫೋರ್ನಿಯ, ಕನೆಕ್ಟಿಕಟ್, ನ್ಯೂಯಾರ್ಕ್, ವಾಷಿಂಗ್ಟನ್ ಈ ನಾಲ್ಕಕ್ಕೆ ಇಳಿಯಿತು. 2014ರ ಫೆಬ್ರವರಿಯಲ್ಲಿ ಮಿಸಿಸಿಪಿಯೇ ಇದನ್ನು ನಿಲ್ಲಿಸಿತು. ಖರ್ಚು ಹೆಚ್ಚು, ಹುಟ್ಟುವ ಮಕ್ಕಳನ್ನು ತಾಯಿ ಒಬ್ಬಳೇ ಸಾಕಬೇಕಾಗುತ್ತದೆ ಎಂಬುದು ಕೊಟ್ಟ ಕಾರಣ. ಸುಮಾರು 22,000 ಕೈದಿಗಳಲ್ಲಿ ಹಿಂದಿನ ವರ್ಷ ಇದನ್ನು ಬಳಸಿಕೊಂಡವರು ಬರೀ 155 ಮಂದಿ. ಖರ್ಚಿನ ವಾದ ನಂಬುವುದು ಕಷ್ಟ.

ಬೇರೆಡೆ ಗಾಳಿ ಎದುರು ದಿಕ್ಕಿಗೆ ಬೀಸಿದೆ. ಕೆನಡಾದಲ್ಲಿ 72 ಗಂಟೆಗಳವರೆಗೆ ಕುಟುಂಬದೊಡನೆ ಇರಬಹುದು. ಆದರೆ ಬ್ರಿಟನ್ ಇಂದಿಗೂ ಒಪ್ಪಿಲ್ಲ. ಇಟಲಿಯ ಸಾಂವಿಧಾನಿಕ ನ್ಯಾಯಾಲಯ 2024ರ ಜನವರಿಯಲ್ಲಿ, ದಂಪತಿಗಳ ಭೇಟಿಯ ಮೇಲೆ ಸದಾ ಕಾವಲುಗಾರರ ಕಣ್ಣಿರಬೇಕೆಂಬ ನಿಯಮ ತಪ್ಪೆಂದಿತು.

ಭಾರತದಲ್ಲಿ ಚರ್ಚೆಗೆ ತಿರುವು ಕೊಟ್ಟದ್ದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ 2014ರ ಜಸ್ವೀರ್ ಸಿಂಗ್ ತೀರ್ಪು. ಒಂದೇ ಕೊಲೆ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ದಂಪತಿ ಮಗು ಪಡೆಯಲು ಅವಕಾಶ ಕೇಳಿದ್ದರು. ಅವರ ಕೋರಿಕೆ ಈಡೇರಲಿಲ್ಲ. ಆದರೆ ದಾಂಪತ್ಯ ಭೇಟಿ ಮತ್ತು ಸಂತಾನದ ಹಕ್ಕು, ನಿರ್ಬಂಧಗಳಿಗೆ ಒಳಪಟ್ಟು, ಸಂವಿಧಾನದ 21ನೆಯ ವಿಧಿಯ ವ್ಯಾಪ್ತಿಗೆ ಬರುತ್ತದೆ ಎಂಬ ಮಾತು ಉಳಿಯಿತು. 2022ರ ಸೆಪ್ಟೆಂಬರ್‌ನಲ್ಲಿ ಪಂಜಾಬ್ ಸರ್ಕಾರ ಗೋಯಿಂದ್‌ವಾಲ್ ಸಾಹಿಬ್ ಸೇರಿ ಕೆಲವು ಜೈಲುಗಳಲ್ಲಿ ಭೇಟಿ ಆರಂಭಿಸಿತು: ಎರಡು ತಿಂಗಳಿಗೊಮ್ಮೆ ಎರಡು ಗಂಟೆ, ಮಂಚ ಮತ್ತು ಶೌಚಾಲಯವಿರುವ ಪ್ರತ್ಯೇಕ ಕೋಣೆ. ಮದುವೆಯ ದಾಖಲೆ ಬೇಕು, ಸಾಂಕ್ರಾಮಿಕ ರೋಗವಿಲ್ಲವೆಂಬ ವೈದ್ಯಕೀಯ ಪ್ರಮಾಣಪತ್ರವೂ ಬೇಕು. ಗ್ಯಾಂಗ್‌ಸ್ಟರ್‌ಗಳಿಗೆ, ಲೈಂಗಿಕ ಅಪರಾಧ ಎಸಗಿದವರಿಗೆ ಅವಕಾಶವಿಲ್ಲ.

ಉಳಿದ ಕಡೆ ಕೋರ್ಟುಗಳು ಹಿಡಿದ ದಾರಿ ಪೆರೋಲ್. 2022ರಲ್ಲಿ ರಾಜಸ್ಥಾನ ಹೈಕೋರ್ಟ್ ಜೀವಾವಧಿ ಕೈದಿಯೊಬ್ಬನಿಗೆ 15 ದಿನ ಪೆರೋಲ್ ಕೊಡುವಾಗ ಗರ್ಭಾಧಾನ ಸಂಸ್ಕಾರವನ್ನು ಉಲ್ಲೇಖಿಸಿತು. ಹೆಂಡತಿ ಯಾವ ತಪ್ಪನ್ನೂ ಮಾಡಿಲ್ಲ ಎಂಬುದು ಅದಕ್ಕಿಂತ ಗಟ್ಟಿಯಾದ ವಾದ. ಕರ್ನಾಟಕ ಹೈಕೋರ್ಟ್ 2023ರ ಏಪ್ರಿಲ್‌ನಲ್ಲಿ ಕೊಲೆ ಅಪರಾಧಿಯೊಬ್ಬನಿಗೆ ಮದುವೆಯಾಗಲು 15 ದಿನ, ಮರುವರ್ಷ ಮಗು ಪಡೆಯಲೆಂದು 30 ದಿನ ಪೆರೋಲ್ ನೀಡಿತು. ಪೆರೋಲ್ ಸಿಗುವುದು ಶಿಕ್ಷೆಯಾದವರಿಗೆ ಮಾತ್ರ. ಭಾರತದ ಜೈಲುಗಳಲ್ಲಿರುವವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನರು. ಅವರು ಕಾಯಬೇಕಾದದ್ದು ಜಾಮೀನಿಗೆ.