‘ಇದನ್ನ ಕಟ್ಟಿದ್ದು ಯಾರು?’: ಬುರ್ಜ್ ಖಲೀಫಾದಿಂದ ಬೆಂಗಳೂರು ಟಿ2 ತನಕ, ಎಸ್‌ಒಎಂ ಎಂಬ ಕಂಪನಿಯ ಕತೆ

ಸೋದರಮಾವನನ್ನ ಮೊದಲ ಸಲ ವಿಮಾನ ಹತ್ತಿಸೋಕೆ ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ಗೆ ಕರ್ಕೊಂಡು ಹೋಗಿದ್ದೆ. ಮಾವ ಗಾರೆ ಮೇಸ್ತ್ರಿಯಾಗಿದ್ದವರು. ಬಿದಿರಿನ ಸೂರು, ಮೇಲಿಂದ ತೂಗುಬಿಟ್ಟ ಗಿಡಗಳನ್ನ ಕತ್ತೆತ್ತಿ ನೋಡ್ತಾ ಕೇಳಿದ್ರು: ‘ಇದನ್ನ ಕಟ್ಟಿದ್ದು ಯಾರು?’

‘ಎಸ್‌ಒಎಂ ಅಂತ ಅಮೆರಿಕದ ಕಂಪನಿ ಮಾವ. ಬುರ್ಜ್ ಖಲೀಫಾನೂ ಅವರದ್ದೇ’ ಅಂದೆ.

‘ಅದು ಪ್ಲಾನ್ ಹಾಕಿದೋರಾಯ್ತು. ನಾನು ಕೇಳಿದ್ದು ಕಟ್ಟಿದೋರು ಯಾರು ಅಂತ.’

ನಾಲ್ಕು ವರ್ಷ ಸಿವಿಲ್ ಎಂಜಿನಿಯರಿಂಗ್ ಓದಿದ ನನ್ನ ಹತ್ರ ತಕ್ಷಣಕ್ಕೆ ಉತ್ತರ ಇರಲಿಲ್ಲ. ಕನ್ನಡದಲ್ಲಿ ಕಟ್ಟುವುದು ಬೇರೆ, ಕಟ್ಟಿಸುವುದು ಬೇರೆ. ಇವೆರಡರ ನಡುವೆ ಲೆಕ್ಕ ಹಾಕುವವರು ಇನ್ನೊಬ್ಬರು. ದೊಡ್ಡ ಕಟ್ಟಡಗಳ ಬಗ್ಗೆ ಮಾತಾಡುವಾಗ ನಾವು ಮೂವರನ್ನೂ ಒಂದೇ ಬ್ರ್ಯಾಂಡ್ ಹೆಸರಿನೊಳಗೆ ತುರುಕಿಬಿಡುತ್ತೇವೆ. ಈ ಮೂವರನ್ನು ಬಿಡಿಸಿ ನೋಡೋಕೆ ಎಸ್‌ಒಎಂಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಏನಿದು ಎಸ್‌ಒಎಂ?

ಲೂಯಿಸ್ ಸ್ಕಿಡ್‌ಮೋರ್ ಮತ್ತು ನಥಾನಿಯಲ್ ಓವಿಂಗ್ಸ್ 1936ರಲ್ಲಿ ಶಿಕಾಗೊದಲ್ಲಿ ಶುರು ಮಾಡಿದ ಸಂಸ್ಥೆ ಇದು. 1939ರಲ್ಲಿ ಜಾನ್ ಮೆರಿಲ್ ಸೇರಿದರು. ಮೂವರ ಹೆಸರಿನ ಮೊದಲ ಅಕ್ಷರಗಳೇ ಎಸ್‌ಒಎಂ. ಇದರ ವಿಶೇಷ ಏನಂದ್ರೆ, ಜಹಾ ಹದೀದ್, ನಾರ್ಮನ್ ಫಾಸ್ಟರ್ ಥರ ಒಬ್ಬ ‘ಸ್ಟಾರ್’ ಸುತ್ತ ಇದು ಬೆಳೆಯಲಿಲ್ಲ. ವಾಸ್ತುಶಿಲ್ಪಿ, ಎಂಜಿನಿಯರ್, ನಗರ ಯೋಜಕ ಎಲ್ಲರೂ ಒಂದೇ ಸೂರಿನಡಿ ಕೂತು ಕೆಲಸ ಮಾಡುವ ಕಾರ್ಪೊರೇಟ್ ಮಾದರಿ ಇವರದು. ನ್ಯೂಯಾರ್ಕಿನ ಲೀವರ್ ಹೌಸ್ (1952) ಇವರದೇ. ಇವತ್ತು ನಮ್ಮ ಹೊರವರ್ತುಲ ರಸ್ತೆಯ ಎರಡೂ ಬದಿ ಕಾಣುವ ಗಾಜಿನ ಆಫೀಸುಗಳ ಹಿರಿಯಜ್ಜ ಅದು ಅನ್ನಬಹುದು.

ಲೆಕ್ಕ ಹಾಕಿದ್ದು ಯಾರು?

ಕಾಲೇಜಿನಲ್ಲಿ ಪುಸ್ತಕ ಬದಿಗಿಟ್ಟು ನಾನು ಕೇಳಿಸಿಕೊಂಡ ಪಾಠ ಒಂದೇ: ಫಜ್ಲುರ್ ರೆಹಮಾನ್ ಖಾನ್ ಅವರದು. 1929ರಲ್ಲಿ ಢಾಕಾದಲ್ಲಿ ಹುಟ್ಟಿದ ಖಾನ್, ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿ 1955ರಲ್ಲಿ ಎಸ್‌ಒಎಂ ಸೇರಿದರು.

ಅವರು ಬಿಡಿಸಿದ ಗಂಟು ಇದು. ಕಟ್ಟಡ ಎತ್ತರವಾದಷ್ಟೂ ಅದರ ಭಾರಕ್ಕಿಂತ ದೊಡ್ಡ ತಲೆನೋವು ಗಾಳಿ. ಗಾಳಿಯ ತಳ್ಳಾಟ ತಡೆಯೋಕೆ ಹಳೇ ಕಂಬ-ತೊಲೆ ಪದ್ಧತಿಯಲ್ಲಿ ವಿಪರೀತ ಉಕ್ಕು ಸುರಿಯಬೇಕು. ಖಾನ್ ಬಲವನ್ನು ಕಟ್ಟಡದ ಒಳಗಿಂದ ಹೊರಗಿನ ಗೋಡೆಗೆ ತಂದರು. ಹೊರಸುತ್ತಲೂ ಹತ್ತಿರ ಹತ್ತಿರ ಕಂಬ ನಿಲ್ಲಿಸಿ, ಗಟ್ಟಿ ತೊಲೆಗಳಿಂದ ಬೆಸೆದರೆ ಇಡೀ ಕಟ್ಟಡ ಒಂದು ಟೊಳ್ಳು ಕೊಳವೆಯಂತೆ ನಿಲ್ಲುತ್ತದೆ. ಬಿದಿರು ಬಿರುಗಾಳಿಗೆ ಬಾಗಿಯೂ ಮುರಿಯದೆ ನಿಲ್ಲುತ್ತಲ್ಲ, ಹೆಚ್ಚುಕಮ್ಮಿ ಅದೇ ಥರ.

ಫಲಿತಾಂಶ ಲೆಕ್ಕದಲ್ಲೇ ಇದೆ. 1931ರ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಪ್ರತಿ ಚದರ ಮೀಟರ್‌ಗೆ ಸುಮಾರು 206 ಕೆ.ಜಿ. ಉಕ್ಕು ಬೇಕಾಗಿತ್ತು. ಖಾನ್ ಅವರ 100 ಮಹಡಿಯ ಜಾನ್ ಹ್ಯಾನ್‌ಕಾಕ್ ಸೆಂಟರ್‌ಗೆ ಸುಮಾರು 145 ಕೆ.ಜಿ. ಸಾಕಾಯಿತು. ಆಮೇಲೆ ಒಂಬತ್ತು ಕೊಳವೆಗಳನ್ನ ಕಟ್ಟು ಕಟ್ಟಿದಂತೆ ಜೋಡಿಸಿ 442 ಮೀಟರಿನ ಸಿಯರ್ಸ್ ಟವರ್ ಬಂತು. 1990ರ ದಶಕದವರೆಗೂ ಅದೇ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು.

ಖಾನ್ ಬರೀ ಲೆಕ್ಕದ ಮನುಷ್ಯ ಆಗಿರಲಿಲ್ಲ. 1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಹೋರಾಟದ ಹೊತ್ತಿನಲ್ಲಿ ಶಿಕಾಗೊದಲ್ಲಿ ಕೂತೇ ಪರಿಹಾರ ನಿಧಿ ಸಂಗ್ರಹಿಸಿದರು, ಜನಾಭಿಪ್ರಾಯ ಕಟ್ಟಿದರು. ‘ನಾವು ಟೆಕ್ನಿಕಲ್ ಜನ, ನಮಗ್ಯಾಕೆ ರಾಜಕೀಯ’ ಅನ್ನುವ ನನ್ನ ಬ್ಯಾಚ್‌ಮೇಟ್‌ಗಳಿಗೆ ನಾನು ಕೊಡುವ ಮೊದಲ ಉದಾಹರಣೆ ಇವರೇ.

ಕಟ್ಟಿಸಿದ್ದು ಯಾರು?

ಎಸ್‌ಒಎಂ ಕತೆಯಲ್ಲಿ ಸುಲಭಕ್ಕೆ ಕಾಣಿಸದ ಅಧ್ಯಾಯ ಓಕ್ ರಿಡ್ಜ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸೇನೆ ಅಣುಬಾಂಬ್ ಯೋಜನೆಗಾಗಿ ಟೆನೆಸ್ಸೀಯಲ್ಲಿ ಗುಟ್ಟಾಗಿ ಒಂದು ಊರನ್ನೇ ಎಬ್ಬಿಸಿತು. ಹಿರೋಶಿಮಾ ಬಾಂಬಿನ ಯುರೇನಿಯಂ ಸಂಸ್ಕರಣೆಯಾದದ್ದು ಅಲ್ಲೇ. ಆ ಊರಿನ ಮನೆ, ರಸ್ತೆ, ಬಡಾವಣೆಗಳ ನಕ್ಷೆ ಎಸ್‌ಒಎಂನದು. 1945ರ ಹೊತ್ತಿಗೆ ಅಲ್ಲಿ ಸುಮಾರು 75,000 ಜನ ಇದ್ದರು. ಮೊದಲ ಯೋಜನೆಯಲ್ಲಿ ಕಪ್ಪು ಜನರಿಗೆ ಅಂತ ಪ್ರತ್ಯೇಕ ಬಡಾವಣೆ ಇತ್ತು. ಜನ ಹೆಚ್ಚಾಗುತ್ತಿದ್ದಂತೆ ಅದೂ ಬಿಳಿಯರ ಪಾಲಾಯಿತು, ಕಪ್ಪು ಕಾರ್ಮಿಕರಿಗೆ ಸಿಕ್ಕಿದ್ದು ಹಲಗೆಯ ಗುಡಿಸಲು. ಹಂಚಿಕೆ ಮಾಡಿದ್ದು ಸರ್ಕಾರ, ನಿಜ. ಆದರೆ ಪ್ರತ್ಯೇಕತೆಗೆ ನಕ್ಷೆಯಲ್ಲಿ ಗೆರೆ ಬಿದ್ದಿದ್ದು ಡ್ರಾಯಿಂಗ್ ಟೇಬಲ್ ಮೇಲೆ.

ಈಗ ದುಬೈಗೆ ಬನ್ನಿ. 828 ಮೀಟರಿನ ಬುರ್ಜ್ ಖಲೀಫಾ ವಿನ್ಯಾಸದ ಮುಂದಾಳು ಏಡ್ರಿಯನ್ ಸ್ಮಿತ್, ರಚನಾ ಎಂಜಿನಿಯರ್ ಬಿಲ್ ಬೇಕರ್. ನಡುವೆ ಷಟ್ಕೋನಾಕಾರದ ಗಟ್ಟಿ ಕಾಂಕ್ರೀಟ್ ಮೂಳೆ, ಅದಕ್ಕೆ ಆತುಕೊಂಡ ಮೂರು ರೆಕ್ಕೆ, ಒಂದಕ್ಕೊಂದು ಊರುಗೋಲು. ಮೇಲೆ ಹೋದಂತೆ ಆಕಾರ ಬದಲಾಗುತ್ತಾ ಹೋಗುವುದರಿಂದ ಗಾಳಿಯ ಸುಳಿಗಳು ಒಂದೇ ಲಯದಲ್ಲಿ ಗೋಪುರವನ್ನ ತೂಗಲಾರವು. ಎಂಜಿನಿಯರ್ ಆಗಿ ಇದಕ್ಕೆ ಕೈ ಮುಗಿಯದೆ ಇರೋಕಾಗಲ್ಲ. ಆದರೆ ಹೆಸರು? ಕಟ್ಟುವಾಗ ‘ಬುರ್ಜ್ ದುಬೈ’. ಸಾಲದಲ್ಲಿ ಮುಳುಗಿದ ದುಬೈಗೆ ಅಬುಧಾಬಿ ಹಣ ಕೊಟ್ಟ ಮೇಲೆ, 2010ರ ಜನವರಿ 4ರ ಉದ್ಘಾಟನೆಯ ದಿನ ಅಬುಧಾಬಿ ದೊರೆಯ ಹೆಸರಲ್ಲಿ ‘ಬುರ್ಜ್ ಖಲೀಫಾ’ ಆಯಿತು. ದುಡ್ಡು ಕೊಟ್ಟವರ ಹೆಸರು ಉಳಿಯಿತು.

ಕಟ್ಟಿದ್ದು ಯಾರು?

ಬುರ್ಜ್ ಕಟ್ಟಿದವರಲ್ಲಿ ಬಹುಪಾಲು ದಕ್ಷಿಣ ಏಷ್ಯಾದಿಂದ ಹೋದ ಕಾರ್ಮಿಕರು. 2006ರ ಮಾರ್ಚ್‌ನಲ್ಲಿ ಆ ಸೈಟಿನ ಸುಮಾರು 2,500 ಕಾರ್ಮಿಕರು ಕೂಲಿ ಮತ್ತು ಕೆಲಸದ ಸ್ಥಿತಿಗತಿಯ ವಿರುದ್ಧ ಸಿಡಿದೆದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಹ್ಯೂಮನ್ ರೈಟ್ಸ್ ವಾಚ್, ಯುಎಇ ಕಟ್ಟಡ ಕಾರ್ಮಿಕರ ಬಗ್ಗೆ ವರದಿ ಪ್ರಕಟಿಸಿತು: ಕಿತ್ತಿಟ್ಟುಕೊಂಡ ಪಾಸ್‌ಪೋರ್ಟ್, ತಡೆಹಿಡಿದ ಸಂಬಳ, ಏಜೆಂಟರ ಸಾಲ.

ಇಲ್ಲಿ ಒಂದು ನ್ಯಾಯದ ಮಾತು ಹೇಳಲೇಬೇಕು. ಕಾರ್ಮಿಕರಿಗೆ ಕೂಲಿ ಕೊಡುವುದು ವಿನ್ಯಾಸ ಸಂಸ್ಥೆಯಲ್ಲ, ಗುತ್ತಿಗೆದಾರ. ಕಾನೂನಿನ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ ಒಪ್ಪಂದ. ಆದರೆ ಕೀರ್ತಿ ಬಂದಾಗ ಇಡೀ ಕಟ್ಟಡ ‘ನಮ್ಮದು’, ಕಾರ್ಮಿಕರ ಪ್ರಶ್ನೆ ಬಂದಾಗ ಮಾತ್ರ ‘ನಾವು ಬರೀ ನಕ್ಷೆ’ ಅನ್ನೋಕೆ ಈ ಉದ್ಯಮದಲ್ಲಿ ಯಾರಿಗೂ ಅವಕಾಶ ಇರಬಾರದು ಅನ್ನೋದು ನನ್ನ ವಾದ. ‘ಗ್ರಾಹಕ ಕೇಳಿದ್ದನ್ನ ಬರೆದುಕೊಡ್ತೀವಿ ಅಷ್ಟೇ’ ಅನ್ನುವ ಸಮಜಾಯಿಷಿ ಈ ವೃತ್ತಿಯೊಳಗೇ ಸಡಿಲವಾಗುತ್ತಿದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಎಐಎ ತನ್ನ ನೀತಿಸಂಹಿತೆ ಬದಲಿಸಿ, ಮರಣದಂಡನೆಯ ಕೋಣೆ ಮತ್ತು ದೀರ್ಘಕಾಲದ ಏಕಾಂತ ಸೆರೆಯ ಜಾಗಗಳನ್ನು ಸದಸ್ಯರು ವಿನ್ಯಾಸ ಮಾಡಬಾರದು ಎಂದಿತು. ಅಂದರೆ, ‘ಇದನ್ನ ಬರೆಯಲ್ಲ’ ಅನ್ನೋಕೆ ಸಾಧ್ಯವಿದೆ. ಅದು ಕೂಲಿ ಮತ್ತು ಪಾಸ್‌ಪೋರ್ಟಿನ ತನಕ ಯಾಕೆ ಬರಬಾರದು?

ಮತ್ತೆ ದೇವನಹಳ್ಳಿಗೆ

ಟಿ2 ಉದ್ಘಾಟನೆಯಾದದ್ದು 2022ರ ನವೆಂಬರ್ 11ರಂದು. ವರ್ಷಕ್ಕೆ 2.5 ಕೋಟಿ ಪ್ರಯಾಣಿಕರ ಸಾಮರ್ಥ್ಯ, ಸುಮಾರು 2.55 ಲಕ್ಷ ಚದರ ಮೀಟರ್. ವಿನ್ಯಾಸ ಎಸ್‌ಒಎಂ, ಕಟ್ಟುವ ಗುತ್ತಿಗೆ ಲಾರ್ಸನ್ ಆಂಡ್ ಟೂಬ್ರೊ, ಕಟ್ಟಿಸಿದ್ದು ಬಿಐಎಎಲ್. ಆ ಬಿಐಎಎಲ್‌ನಲ್ಲಿ ಕರ್ನಾಟಕ ಸರ್ಕಾರ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ತಲಾ ಶೇ 13 ಪಾಲಿದೆ. ಅಂದರೆ ‘ಕಟ್ಟಿಸಿದವರ’ ಸಾಲಿನಲ್ಲಿ ಸಣ್ಣದಾಗಿ ನಾವೂ ಇದ್ದೇವೆ. ಸೆಲ್ಫಿ ತೆಗೆದುಕೊಳ್ಳುವ ಹಕ್ಕಿನ ಜೊತೆಗೆ ಪ್ರಶ್ನೆ ಕೇಳುವ ಹಕ್ಕೂ ಬರುವುದು ಇಲ್ಲಿಂದಲೇ.

ನಾಳೆ ನಿಮ್ಮೂರಲ್ಲಿ ‘ವಿಶ್ವದರ್ಜೆ’ಯ ಯೋಜನೆಯೊಂದು ಘೋಷಣೆಯಾದಾಗ, ವಿದೇಶಿ ಸಂಸ್ಥೆಯ ಹೆಸರು ಮತ್ತು ಮಿರಿಮಿರಿ ಮಿಂಚುವ ಗ್ರಾಫಿಕ್ ಚಿತ್ರ ನೋಡಿ ಸುಮ್ಮನಾಗಬೇಡಿ. ಕಟ್ಟಿಸೋರು ಯಾರು, ಯಾರ ದುಡ್ಡಲ್ಲಿ? ಲೆಕ್ಕ ಹಾಕಿದೋರು ಯಾರು, ಅದು ನಮ್ಮ ಮಳೆ-ಬಿಸಿಲಿಗೆ ಹೊಂದುತ್ತಾ? ಕಟ್ಟೋರು ಯಾರು, ಅವರ ಕೂಲಿ, ವಸತಿಯ ಷರತ್ತು ಟೆಂಡರ್‌ನಲ್ಲಿ ಬರೆದಿದೆಯಾ? ಮೂರೂ ಕೇಳಿ.

ಮಾವ ಆವತ್ತು ಸೆಕ್ಯುರಿಟಿ ಸಾಲಿಗೆ ಹೋಗುವ ಮುಂಚೆ ಒಂದು ಕಂಬದ ಅಂಚನ್ನ ಹೆಬ್ಬೆರಳಿಂದ ಸವರಿ, ‘ಫಿನಿಶಿಂಗ್ ಚೆನ್ನಾಗಿ ಮಾಡಿದಾನೆ’ ಅಂದರು. ಯಾರು ಅಂತ ನಾನು ಕೇಳಲಿಲ್ಲ.