ಹರಾಜಿನ ಖಡ್ಗ, ಅಟ್ಟದ ಖಡ್ಗ

ಆಯುಧಪೂಜೆಯ ದಿನ ಕಳಸ, ಹೊರನಾಡು, ಮೂಡಿಗೆರೆ ಸೀಮೆಯ ತೋಟದ ಮನೆಗಳಲ್ಲಿ ಕೋವಿ, ಕತ್ತಿ, ಗುದ್ದಲಿಯಿಂದ ಹಿಡಿದು ಜೀಪಿನವರೆಗೆ ಎಲ್ಲಕ್ಕೂ ಕುಂಕುಮ ಬೀಳುತ್ತದೆ. ಕೆಲವು ಹಳೆಯ ಮನೆಗಳಲ್ಲಿ ಅಟ್ಟದಿಂದ ಇಳಿಸಿದ ಖಡ್ಗವೊಂದೂ ಈ ಸಾಲಿಗೆ ಬಂದು ಸೇರುವುದುಂಟು. ‘ಟಿಪ್ಪುವಿನ ಕಾಲದ್ದಂತೆ’ ಎಂದು ಹಿರಿಯರು ಹೇಳುತ್ತಾರೆ. ಆ ‘ಅಂತೆ’ಯ ಆಚೆಗೆ ಸಾಮಾನ್ಯವಾಗಿ ಯಾರಿಗೂ ಏನೂ ತಿಳಿದಿರುವುದಿಲ್ಲ. ಇಂಥ ಖಡ್ಗದ ಚಿತ್ರ ಮೊಬೈಲಿನಿಂದ ಅಂತರ್ಜಾಲದ ಹರಾಜುಕಟ್ಟೆಗೆ ಏರಲು ಈಗ ಎರಡು ನಿಮಿಷ ಸಾಕು. ಆದರೆ ಅದು ಯಾವ ಕಾಲದ್ದು, ಯಾರ ಕೈಯಲ್ಲಿದ್ದದ್ದು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಬೇಗ ಸಿಗುವುದಿಲ್ಲ.

ಹಳೆಯ ಖಡ್ಗಕ್ಕೆ ಬೆಲೆ ಬರುವುದು ಹೇಗೆ ಎಂಬುದಕ್ಕೆ ಕನ್ನಡನಾಡಿನದೇ ದೊಡ್ಡ ಉದಾಹರಣೆಯಿದೆ. 2023ರ ಮೇ 23ರಂದು ಲಂಡನ್ನಿನ ಬಾನ್‌ಹಮ್ಸ್ ಸಂಸ್ಥೆ ಟಿಪ್ಪು ಸುಲ್ತಾನನ ಶಯ್ಯಾಗೃಹದ ಖಡ್ಗವನ್ನು ಹರಾಜಿಗಿಟ್ಟಿತು. 15ರಿಂದ 20 ಲಕ್ಷ ಪೌಂಡು ಬರಬಹುದೆಂಬ ಅಂದಾಜಿತ್ತು. ಬಂದದ್ದು 1,40,80,900 ಪೌಂಡು. ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಮಿಗಿಲು. ಇದಕ್ಕೂ ಮೊದಲು, 2015ರ ಏಪ್ರಿಲ್‌ನಲ್ಲಿ, ಹಿಡಿಯ ತುದಿಯಲ್ಲಿ ಹುಲಿಯ ತಲೆಯಿದ್ದ ಟಿಪ್ಪುವಿನ ಇನ್ನೊಂದು ಖಡ್ಗ ಅದೇ ಸಂಸ್ಥೆಯಲ್ಲಿ 21 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಗಿತ್ತು. 2003ರ ಲಂಡನ್ ಹರಾಜೊಂದರಲ್ಲಿ ಉದ್ಯಮಿ ವಿಜಯ್ ಮಲ್ಯ ಟಿಪ್ಪುವಿನ ಖಡ್ಗವನ್ನು ಸುಮಾರು ಒಂದೂವರೆ ಕೋಟಿ ರೂಪಾಯಿಗೆ ಕೊಂಡಿದ್ದರು. ಆ ಸಂಗತಿ ನಾಡಿಗೆ ತಿಳಿದದ್ದು 2004ರ ಚುನಾವಣೆಯ ಹೊತ್ತಿಗೆ.

ಈ ಬೆಲೆ ಬರಿಯ ಉಕ್ಕಿಗೆ ಬಂದದ್ದಲ್ಲ, ಹಿಡಿಯ ಮೇಲಿನ ಚಿನ್ನಕ್ಕೂ ಅಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಕೋಟೆಯ ಮೇಲಿನ ದಾಳಿಗೆ ಮುಂದಾಳಾಗಿದ್ದವನು ಮೇಜರ್ ಜನರಲ್ ಡೇವಿಡ್ ಬೇರ್ಡ್. 1780ರ ಯುದ್ಧದಲ್ಲಿ ಸೆರೆಸಿಕ್ಕು, ಅದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನು ಅವನು. ಅರಮನೆಯಲ್ಲಿ ಸಿಕ್ಕ ಖಡ್ಗವನ್ನು ಸೈನ್ಯದ ಪರವಾಗಿ ಅವನಿಗೆ ಕಾಣಿಕೆಯಾಗಿ ಕೊಡಲಾಯಿತು. ಗೆದ್ದ ಸೈನ್ಯ ಲೂಟಿಯನ್ನು ಹಂಚಿಕೊಳ್ಳಲು ಅಧಿಕಾರಿಗಳನ್ನು ನೇಮಿಸಿ ಲೆಕ್ಕ ಇಟ್ಟಿತ್ತು. ಯಾವುದು ಎಲ್ಲಿ ಸಿಕ್ಕಿತು, ಯಾರಿಗೆ ಹೋಯಿತು ಎಂಬುದರ ಜಾಡು ಉಳಿದದ್ದು ಹೀಗೆ. 140 ಕೋಟಿ ತೆತ್ತವರು ಖಡ್ಗದೊಂದಿಗೆ ಈ ಜಾಡನ್ನೂ ಕೊಂಡರು.

ಖಡ್ಗವನ್ನು ಪರೀಕ್ಷಿಸುವ ಕಲೆಯನ್ನು ಶಾಸ್ತ್ರದ ಮಟ್ಟಕ್ಕೆ ಬೆಳೆಸಿದವರು ಜಪಾನೀಯರು. ಜಪಾನಿ ಖಡ್ಗದ ಹಿಡಿಗೆ ಬಿದಿರಿನ ಸಣ್ಣ ಗೂಟವೊಂದೇ ಆಧಾರ. ಅದನ್ನು ತಟ್ಟಿ ತೆಗೆದರೆ ಹಿಡಿ ಕಳಚಿ, ಒಳಗಿದ್ದ ಅಲಗಿನ ಬುಡ ಕಾಣುತ್ತದೆ. ಕಮ್ಮಾರ ಹೆಸರು ಕೆತ್ತುತ್ತಿದ್ದುದು ಅಲ್ಲಿ. ಹೆಸರಾಂತ ಕಮ್ಮಾರರ ಹೆಸರುಗಳನ್ನು ಸುಳ್ಳಾಗಿ ಕೆತ್ತುವ ಚಾಳಿ ಅಲ್ಲಿ ಹಳೆಯದು. ಆದ್ದರಿಂದ ಬಲ್ಲವರು ಹೆಸರಿಗಿಂತ ಮೊದಲು ಬುಡದ ತುಕ್ಕಿನ ಬಣ್ಣ, ಅರದ ಗೆರೆ, ಅಲಗಿನ ಬಾಗು, ಹದ ಹಾಕಿದ ಅಂಚಿನ ಮೋಡದಂಥ ರೇಖೆ ಇವನ್ನು ನೋಡುತ್ತಾರೆ. ಇವೆಲ್ಲ ಹೆಸರಿಗೆ ಹೊಂದಿದರೆ ಮಾತ್ರ ಹೆಸರನ್ನು ನಂಬುತ್ತಾರೆ. 1948ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಖಡ್ಗ ಸಂರಕ್ಷಣಾ ಸಂಘ ಹೀಗೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಅಂತರ್ಜಾಲದಲ್ಲಿ ಜಪಾನಿ ಖಡ್ಗ ಕೊಳ್ಳುವವರು ಮೊದಲು ಕೇಳುವುದು ಆ ಪತ್ರವನ್ನು ಮತ್ತು ಬುಡದ ಚಿತ್ರವನ್ನು.

ನಮ್ಮ ಖಡ್ಗಗಳಿಗೆ ಈ ಅನುಕೂಲವಿಲ್ಲ. ಇಲ್ಲಿ ಕಬ್ಬಿಣದ ಹಿಡಿಯೊಳಗೆ ಅಲಗಿನ ಬುಡವನ್ನು ಇಳಿಸಿ, ಕಾಸಿದ ರಾಳದಿಂದ ಅಂಟಿಸುತ್ತಿದ್ದರು. ಹಿಡಿ ಸಡಿಲವಾದರೆ ಮತ್ತೆ ಅಂಟಿಸುವುದು, ಮುರಿದರೆ ಬೇರೆ ಹಿಡಿ ಕೂರಿಸುವುದು ವಾಡಿಕೆ. ಹಾಗಾಗಿ ಒಂದು ಕಾಲದ ಅಲಗಿಗೆ ಇನ್ನೊಂದು ಕಾಲದ ಹಿಡಿ ಇರಬಹುದು. ಅದು ಮೋಸವೆಂದೇ ಅರ್ಥವಲ್ಲ. ಅಲಗಿನ ಮೇಲಿನ ಬರಹವನ್ನೂ ಹಾಗೇ ನಂಬುವಂತಿಲ್ಲ. ಪರ್ಷಿಯಾದ ಪ್ರಸಿದ್ಧ ಕಮ್ಮಾರ ಅಸದುಲ್ಲಾನ ಹೆಸರು ಅವನು ಮುಟ್ಟಿಯೂ ಇರದ ಎಷ್ಟೋ ಅಲಗುಗಳ ಮೇಲಿದೆ.

ಅಲಗಿನ ಉಕ್ಕು ಮಾತ್ರ ಒಂದಿಷ್ಟು ಸತ್ಯ ಹೇಳುತ್ತದೆ. ದಕ್ಷಿಣ ಭಾರತದ ಮೂಸೆ ಉಕ್ಕು ಯುರೋಪಿನಲ್ಲಿ ‘ವೂಟ್ಸ್’ ಎಂದು ಹೆಸರಾಯಿತು. ಅದು ಕನ್ನಡದ ‘ಉಕ್ಕು’ ಎಂಬ ಮಾತಿನದೇ ಅಪಭ್ರಂಶ ಎಂಬುದು ಪ್ರಚಲಿತ ಅಭಿಪ್ರಾಯ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಉಕ್ಕು ಮಾಡುವ ಕ್ರಮವನ್ನು ಬರೆದಿಟ್ಟಿದ್ದಾನೆ: ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇಟ್ಟು ಬಾಯಿ ಮುಚ್ಚಿ ಕುಲುಮೆಯಲ್ಲಿ ಕಾಸುವುದು. ಹೀಗೆ ಇಂಗಾಲ ಹೀರಿದ ಉಕ್ಕಿನ ಗಟ್ಟಿಯನ್ನು ಹದವಾಗಿ ಬಡಿದು ಮಾಡಿದ ಅಲಗಿನ ಮೈಯಲ್ಲಿ ನೀರಿನ ಅಲೆಯಂಥ ಗೆರೆಗಳು ಮೂಡುತ್ತವೆ. ಅವು ಉಕ್ಕಿನೊಳಗಿನಿಂದ ಬಂದವು. ಉಜ್ಜಿ ತೆಗೆದರೂ ಆಮ್ಲ ಸವರಿದಾಗ ಮತ್ತೆ ಕಾಣಿಸುತ್ತವೆ. ನಕಲಿ ಅಲಗಿನಲ್ಲಿ ಆಮ್ಲದಿಂದ ಮೇಲ್ಮೈಯಲ್ಲಷ್ಟೇ ಬರೆದ ಗೆರೆಗಳು ಒಂದು ಸಲ ಉಜ್ಜಿದರೆ ಹೋಗುತ್ತವೆ. ಆದರೆ ಈ ಪರೀಕ್ಷೆ ಬಲ್ಲವರ ಕೈಯಲ್ಲಿ ಆಗಬೇಕು. ಮನೆಯಲ್ಲಿ ಮರಳುಕಾಗದ ಹಿಡಿದು ಹೊಳಪು ಕೊಡಲು ಹೋದವರು ಪುರಾವೆಯನ್ನೇ ಕೆರೆದು ಹಾಕುತ್ತಾರೆ.

ಟಿಪ್ಪುವಿನ ಸ್ವಂತ ಆಯುಧಗಳಿಗೆ ಇನ್ನೂ ಕೆಲವು ಗುರುತುಗಳಿವೆ: ಹುಲಿಪಟ್ಟೆಯ ನಕ್ಕಾಶಿ, ಹುಲಿಯ ತಲೆ, ತಂದೆ ಹೈದರನ ಹೆಸರಿನ ಮೊದಲಕ್ಷರ. ಅವನು ಜಾರಿಗೆ ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ತಿಳಿಯದ ನಕಲಿಗಾರ ಎಡವುವುದು ಇಲ್ಲೇ. ಆದರೆ ಇವೆಲ್ಲ ಸುಲ್ತಾನನಿಗಾಗಿ, ಅವನ ಅರಮನೆಗಾಗಿ ಮಾಡಿದ ಆಯುಧಗಳ ಗುರುತು. ಅವನ ಸಾವಿರಾರು ಸಿಪಾಯಿಗಳ ಕತ್ತಿಗಳು ಹಾಗಿರಬೇಕಾಗಿಲ್ಲ.

ಮಲೆನಾಡಿನ ಅಟ್ಟದ ಖಡ್ಗ ಟಿಪ್ಪುವಿನ ಕಾಲದ್ದೇ ಆಗಬೇಕೆಂದೂ ಇಲ್ಲ. ಕಳಸ ಸೀಮೆಯನ್ನು ಭೈರರಸರು ಆಳಿದರು. ಅವರ ನಂತರ ಕೆಳದಿಯ ನಾಯಕರು ಬಂದರು. 1763ರಲ್ಲಿ ಹೈದರ್ ಬಿದನೂರನ್ನು ಗೆದ್ದ. 1830–31ರ ನಗರ ದಂಗೆಯಲ್ಲಿ ತರೀಕೆರೆಯ ಪಾಳೆಯಗಾರರೂ ಎದ್ದರು. ಈ ಪ್ರತಿಯೊಂದು ಏರಿಳಿತದಲ್ಲೂ ಕತ್ತಿ ಹಿಡಿದವರಿದ್ದರು, ಕತ್ತಿ ಬಚ್ಚಿಟ್ಟು ಬೇಸಾಯಕ್ಕೆ ಮರಳಿದವರೂ ಇದ್ದಿರಬೇಕು. ಅವರಿಗೆ ಲೂಟಿಯ ಲೆಕ್ಕ ಬರೆಯುವ ಅಧಿಕಾರಿಗಳಿರಲಿಲ್ಲ. ಗೆದ್ದವರ ಖಡ್ಗಕ್ಕೆ ಕಾಗದವಿದೆ, ಸೋತವರದಕ್ಕೆ ಬರಿಯ ‘ಅಂತೆ’ ಇದೆ.

ಆದರೆ ಸಿಕ್ಕಿದ ಜಾಗವೇ ಸಾಕ್ಷಿಯಾಗುವುದೂ ಉಂಟು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪುರಾತತ್ವ ಇಲಾಖೆಯವರು ಪಾಳುಬಾವಿಯೊಂದರಿಂದ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಹೊರತೆಗೆದರು. ಅವುಗಳ ಮೇಲೆ ರಾಜನ ಹೆಸರಿರಲಿಲ್ಲ, ಚಿನ್ನವಿರಲಿಲ್ಲ. ಆದರೂ ಅವನ್ನು ಗುರುತಿಸಲು ಆ ಬಾವಿ, ಆ ಊರು, ಒಟ್ಟಿಗೆ ಸಿಕ್ಕ ರಾಶಿ ಆಧಾರವಾದವು. ಅವನ್ನೇ ಯಾರಾದರೂ ಒಂದೊಂದಾಗಿ ಮಾರಿಬಿಟ್ಟಿದ್ದರೆ ಉಳಿಯುತ್ತಿದ್ದುದು ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳಷ್ಟೇ.

ಮಾರುವವರಿಗೆ ಕಾನೂನಿನ ಮಾತೂ ತಿಳಿದಿರಬೇಕು. ಚಾರಿತ್ರಿಕ ಮಹತ್ವವುಳ್ಳ ನೂರು ವರ್ಷಕ್ಕಿಂತ ಹಳೆಯ ವಸ್ತುಗಳು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಗೆ ಒಳಪಡುತ್ತವೆ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ. ಖಾಸಗಿಯವರು ಅವನ್ನು ದೇಶದಾಚೆಗೆ ಕಳುಹಿಸಿದರೆ ಕನಿಷ್ಠ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡ. ಅಂತರ್ಜಾಲದ ಹರಾಜಿನಲ್ಲಿ ಕೂಗಿದವನು ಯಾವ ದೇಶದಲ್ಲಿದ್ದಾನೆಂದು ಮಾರುವವನಿಗೆ ಮೊದಲೇ ತಿಳಿದಿರುವುದಿಲ್ಲ.

ಕೊಳ್ಳುವವರ ಪಾಡೂ ಸುಲಭವಲ್ಲ. ಉದಯಪುರದಂಥ ಊರುಗಳಲ್ಲಿ ಉಕ್ಕಿನ ಮೇಲೆ ಚಿನ್ನದ ಎಳೆ ಕೂರಿಸುವ ಕೆಲಸ ಇವತ್ತಿಗೂ ನಡೆಯುತ್ತದೆ. ಹೊಸದೆಂದು ಹೇಳಿ ಮಾರಿದರೆ ಅದು ಕಸುಬು, ಮೂರನೆಯ ಕೈಗೆ ಹೋಗಿ ಹಳೆಯದೆನಿಸಿಕೊಂಡರೆ ವಂಚನೆ. ಬರಿಯ ಚಿತ್ರದಲ್ಲಿ ತೂಕ, ಸಮತೋಲ, ಹಿಡಿಯೊಳಗಿನ ರಾಳ ಯಾವುದೂ ತಿಳಿಯದು.

ಹಾಗಾಗಿ ಅಟ್ಟದ ಖಡ್ಗಕ್ಕೆ ಮನೆಯವರು ಮಾಡಬಹುದಾದ ಮೊದಲ ಉಪಕಾರ ಅದರ ಕತೆಯನ್ನು ಬರೆದಿಡುವುದು. ಯಾವ ಮನೆಯದು, ಯಾವ ಅಜ್ಜನ ಕಾಲದಿಂದ ಇದೆ, ಅಜ್ಜ ಏನು ಹೇಳುತ್ತಿದ್ದರು, ಅದರೊಂದಿಗೆ ಬೇರೆ ಏನಿತ್ತು ಎಂಬ ನಾಲ್ಕು ಸಾಲು, ಬರೆದ ದಿನಾಂಕ, ಅಳತೆ, ಎರಡು ಚಿತ್ರ ಇದ್ದರೆ ಸಾಕು. ಶ್ರೀರಂಗಪಟ್ಟಣದ ಲೂಟಿಯ ಅಧಿಕಾರಿಗಳು ಮಾಡಿದ್ದೂ ಇಷ್ಟೇ ಕೆಲಸ. ಅಂಥ ಚೀಟಿಯೊಂದು ಖಡ್ಗದ ಜೊತೆಗಿದ್ದರೆ, ಮುಂದೆ ಅದನ್ನು ಕೈಗೆತ್ತಿಕೊಳ್ಳುವ ಮೊಮ್ಮಕ್ಕಳು ‘ಅಂತೆ’ ಎನ್ನಬೇಕಾಗಿಲ್ಲ.