ಆಸ್ಪತ್ರೆಯ ಹೊಸ್ತಿಲಲ್ಲಿ ಲಸಿಕೆಯ ಶಾಸನ: ಅಮೆರಿಕದ ರಾಜ್ಯಗಳ ಅನುಭವ

ಅಮೆರಿಕದಲ್ಲಿ ಲಸಿಕೆಯ ಕಾನೂನು ಮೂಲತಃ ರಾಜ್ಯಗಳ ಅಧಿಕಾರಕ್ಕೆ ಸೇರಿದುದು. 1902ರಲ್ಲಿ ಸಿಡುಬು ಹರಡಿದಾಗ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರವು ಲಸಿಕೆಯನ್ನು ಕಡ್ಡಾಯಗೊಳಿಸಿತು. ಪಾದ್ರಿ ಹೆನ್ನಿಂಗ್ ಜೇಕಬ್‌ಸನ್ ನಿರಾಕರಿಸಿದರು. ಐದು ಡಾಲರ್ ದಂಡದ ಈ ವ್ಯಾಜ್ಯ ಸುಪ್ರೀಂ ಕೋರ್ಟನ್ನು ಮುಟ್ಟಿ 1905ರಲ್ಲಿ ರಾಜ್ಯದ ಪರವಾಗಿ ಇತ್ಯರ್ಥವಾಯಿತು. ಆ ತೀರ್ಪು ಎತ್ತಿಹಿಡಿದುದು ದಂಡವನ್ನು. ಹಿಡಿದು ನಿಲ್ಲಿಸಿ ಲಸಿಕೆ ಹಾಕುವ ಪ್ರಶ್ನೆಯೇ ಅಲ್ಲಿರಲಿಲ್ಲ. ಇದನ್ನು ಉಲ್ಲೇಖಿಸುವವರು ಈ ಅಂಶವನ್ನು ಮರೆಯುವುದುಂಟು.

ಆಸ್ಪತ್ರೆಯ ಸಂದರ್ಭ ಭಿನ್ನವಾದುದು. ತನ್ನನ್ನು ಉಪಚರಿಸುವ ದಾದಿಯನ್ನು ರೋಗಿಯು ಆರಿಸಿಕೊಳ್ಳಲಾರ. ಆದರೂ ರಾಜ್ಯಶಾಸನಗಳಲ್ಲಿ ಏಕರೂಪತೆಯಿಲ್ಲ. ಸಿಬ್ಬಂದಿಯ ಲಸಿಕೆಯ ವಿವರ ದಾಖಲಿಸಿದರೆ ಸಾಕೆಂದು ಕೆಲವು ಹೇಳಿದರೆ, ಲಸಿಕೆಯನ್ನು ಒದಗಿಸಬೇಕೆಂದು ಕೆಲವು, ಹಾಕಿಸಿಕೊಂಡಿರಲೇಬೇಕೆಂದು ಮತ್ತೆ ಕೆಲವು ವಿಧಿಸುತ್ತವೆ. ರೋಗಿಗಳ ವಿಷಯದಲ್ಲಿ ಮಾತ್ರ ಶಾಸನವು ಬಹುಮಟ್ಟಿಗೆ 'ಲಸಿಕೆ ಬೇಕೇ ಎಂದು ಕೇಳಬೇಕು' ಎಂಬಲ್ಲಿಗೆ ನಿಲ್ಲುತ್ತದೆ.

ನ್ಯೂಯಾರ್ಕಿನ ನಿದರ್ಶನ ಬೋಧಪ್ರದವಾಗಿದೆ. 2009ರ ಆಗಸ್ಟಿನಲ್ಲಿ ಆ ರಾಜ್ಯವು ಆಸ್ಪತ್ರೆ ಸಿಬ್ಬಂದಿಗೆ ಇನ್‌ಫ್ಲುಯೆಂಜಾ ಲಸಿಕೆಯನ್ನು ಕಡ್ಡಾಯ ಮಾಡಿತು. ಅಕ್ಟೋಬರಿನಲ್ಲಿ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಅದರ ಬೆನ್ನಿಗೇ ಲಸಿಕೆಯ ಕೊರತೆಯನ್ನು ಮುಂದೊಡ್ಡಿ ಸರ್ಕಾರವೇ ನಿಯಮವನ್ನು ಅಮಾನತಿನಲ್ಲಿಟ್ಟಿತು. 2013ರಲ್ಲಿ ಮಧ್ಯಮಮಾರ್ಗವೊಂದು ದೊರೆಯಿತು: ಲಸಿಕೆ ಪಡೆಯದವರು ಫ್ಲೂ ಋತುವಿನಲ್ಲಿ ಮುಖಗವಸು ಧರಿಸಬೇಕು. 2021ರಲ್ಲಿ ಅದೇ ರಾಜ್ಯವು ಕೋವಿಡ್ ಲಸಿಕೆಯನ್ನು, ಧಾರ್ಮಿಕ ವಿನಾಯಿತಿಗೂ ಎಡೆಗೊಡದೆ, ಕಡ್ಡಾಯಗೊಳಿಸಿತು. ಅನೇಕರು ಕೆಲಸ ಕಳೆದುಕೊಂಡರು. 2023ರಲ್ಲಿ ಆ ನಿಯಮವೂ ರದ್ದಾಯಿತು.